ಆಪ್ತ ಎಂಬ ಎರಡಕ್ಷರ

ಡಾಕ್ಟರು ಕೇಳಿದ್ದು ಸೊಸೆಯನ್ನು, ಉತ್ತರ ಬಂದದ್ದು ಅತ್ತೆಯಿಂದ. "ಎರಡು ತಿಂಗ್ಳಾತ್ರಿ ಸಾರ್, ಎದಿ ಡವಡವ ಅಂತೈತಂತ. ರಾತ್ರಿ ನಿದ್ದಿ ಇಲ್ಲ. ಉಣ್ಣಾಕ ಕುಂತ್ರ ಎರಡು ತುತ್ತಿಗೆ ಏಳ್ತಾಳ. ಭಾಳ ಇಚಾರ ಮಾಡ್ತಾಳ್ರಿ, ಅದಾ ಈಕಿ ರೋಗ." ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ. ಹಿಂದೆ ಸಾಲಿನಲ್ಲಿ ಕೆಮ್ಮುವವರು, ಮಗುವನ್ನು ಎತ್ತಿಕೊಂಡವರು, ಬಿ.ಪಿ. ಮಾತ್ರೆಗೆ ಬಂದವರು. ಬಾಗಿಲಿಗೆ ಪರದೆ ಇಲ್ಲ.

ಇದು ನಾನು ಕಲ್ಪಿಸಿಕೊಂಡ ದೃಶ್ಯ. ಆದರೆ ಬಳ್ಳಾರಿ ತಾಲ್ಲೂಕಿನ ಮೋಕದಂಥ ಹೋಬಳಿಯ ಆರೋಗ್ಯ ಕೇಂದ್ರದಲ್ಲಿ ಒಂದು ಬೆಳಗು ಕೂತೆದ್ದವರು ಇದನ್ನು ಕಟ್ಟುಕತೆ ಎನ್ನಲಾರರು. ಹಗರಿ ಹೊಳೆಯ ಸೀಮೆ, ಎರೆಭೂಮಿ, ಹತ್ತಿ, ಮೆಣಸಿನಕಾಯಿ, ಕಾಲುವೆ ನೀರು ಹರಿದಲ್ಲಿ ಭತ್ತ. ಆಚೆ ಆಂಧ್ರದ ಗಡಿ ಇರುವುದರಿಂದ ಒಂದೇ ಮನೆಯೊಳಗೆ ಕನ್ನಡದಲ್ಲಿ ಬೈದು ತೆಲುಗಿನಲ್ಲಿ ಅಳುವುದುಂಟು. ಈ ಸೊಸೆಗೆ ಔಷಧಿಯೇ ಬೇಕೋ, ಮಾತು ಸಾಕೋ? ಮಾತಾದರೆ ಯಾರ ಮಾತು, ಎಂಥ ಮಾತು? ಮನೋಚಿಕಿತ್ಸೆಯ ಸಿದ್ಧಾಂತಗಳು ನೂರಾರು ಇವೆ. ಅವನ್ನೆಲ್ಲ ಪಟ್ಟಿ ಮಾಡುವುದಕ್ಕಿಂತ ಈಕೆಯ ಮುಂದೆ ಒಂದೊಂದನ್ನೇ ನಿಲ್ಲಿಸಿ ನೋಡುವುದು ನನಗೆ ಹೆಚ್ಚು ಉಪಯುಕ್ತ ಅನ್ನಿಸುತ್ತದೆ.

ಹಾಗೆ ನಿಲ್ಲಿಸಲು ಬಳ್ಳಾರಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಭಾರತದ ಮಾನಸಿಕ ಆರೋಗ್ಯದ ಚರಿತ್ರೆಯಲ್ಲಿ ಈ ಜಿಲ್ಲೆಯ ಹೆಸರು ಒಂದು ಮಾದರಿಯ ಹೆಸರಾಗಿ ಉಳಿದಿದೆ. ಗಣಿ, ಬಿಸಿಲು, ಜೀನ್ಸ್ ಪ್ಯಾಂಟು ಎಂದರೆ ಬಳ್ಳಾರಿಯನ್ನು ನೆನೆಯುವ ನಮಗೆ ಅದು ಗೊತ್ತಿರುವುದು ಕಡಿಮೆ.

ಕತೆ ಶುರುವಾಗುವುದು ಬೆಂಗಳೂರಿನಲ್ಲಿ. 1975ರಲ್ಲಿ ನಿಮ್ಹಾನ್ಸ್ ತನ್ನೊಳಗೆ ಸಮುದಾಯ ಮಾನಸಿಕ ಆರೋಗ್ಯ ವಿಭಾಗವೊಂದನ್ನು ತೆರೆಯಿತು. ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಅದರ ಗ್ರಾಮೀಣ ಕೇಂದ್ರ. ಆರ್. ಎಲ್. ಕಪೂರ್, ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ. ಆರ್. ಚಂದ್ರಶೇಖರ್, ಆರ್. ಪಾರ್ಥಸಾರಥಿ ಮೊದಲಾದವರು ಅಲ್ಲಿ ಹಿಡಿದು ಕೂತ ಪ್ರಶ್ನೆ ಸರಳವಾಗಿತ್ತು: ಮನೋವೈದ್ಯರು ಹಳ್ಳಿಗೆ ಹೋಗಲಾಗದಿದ್ದರೆ, ಅವರಿಗೆ ತಿಳಿದದ್ದರಲ್ಲಿ ಎಷ್ಟನ್ನು ಹಳ್ಳಿಯಲ್ಲಿ ಈಗಾಗಲೇ ಇರುವವರಿಗೆ ಕೊಡಬಹುದು? 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಕಾಗದದ ಮೇಲೆ ಬಂತು. ಅದನ್ನು ಒಂದು ಇಡೀ ಜಿಲ್ಲೆಯ ಅಳತೆಯಲ್ಲಿ ಪರೀಕ್ಷಿಸಲು, ನಿಮ್ಹಾನ್ಸ್‌ನ ನೆರಳೂ ಬೀಳದಂತೆ ಸುಮಾರು ಮುನ್ನೂರು ಕಿಲೋಮೀಟರ್ ದೂರದಲ್ಲಿದ್ದ ಬಳ್ಳಾರಿ ಆಯ್ಕೆಯಾಯಿತು. 1985ರಿಂದ 1990ರವರೆಗೆ ಪ್ರಯೋಗ ನಡೆಯಿತು. ಇಂದಿನ ವಿಜಯನಗರ ಜಿಲ್ಲೆಯೂ ಆಗ ಅದರೊಳಗೇ ಇತ್ತು, ಜನಸಂಖ್ಯೆ ಹದಿನೈದು ಲಕ್ಷ ದಾಟಿತ್ತು.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಲ್ಪಾವಧಿಯ ತರಬೇತಿ ಸಿಕ್ಕಿತು. ಮಲೇರಿಯಾ ರಕ್ತಲೇಪನ, ಲಸಿಕೆ, ಕುಟುಂಬ ಯೋಜನೆ ಎಂದು ಮನೆಮನೆ ತಿರುಗುತ್ತಿದ್ದ ಆರೋಗ್ಯ ಸಹಾಯಕರಿಗೆ ಕಾಯಿಲೆ ಗುರುತಿಸುವ ಬಗೆಯನ್ನು ಕಲಿಸಲಾಯಿತು: ತಾನೇ ಮಾತಾಡಿಕೊಳ್ಳುವವರು, ಮೂರ್ಛೆ ಬೀಳುವವರು, ಮೂಲೆ ಹಿಡಿದು ಕೂತವರು. ಔಷಧಿಗಳು ಬೆರಳೆಣಿಕೆಯಷ್ಟೇ. ದಾಖಲೆಗೆ ಸರಳ ನಮೂನೆ. ಜಿಲ್ಲಾ ಮಟ್ಟದಲ್ಲಿ ಮನೋವೈದ್ಯ, ಮನಶ್ಶಾಸ್ತ್ರಜ್ಞ, ಮನೋವೈದ್ಯಕೀಯ ಸಾಮಾಜಿಕ ಕಾರ್ಯಕರ್ತ ಇರುವ ಒಂದು ಪುಟ್ಟ ತಂಡ, ತಿಂಗಳಿಗೊಮ್ಮೆ ಪರಿಶೀಲನೆ. ಇಷ್ಟರಿಂದಲೇ, ಹುಚ್ಚೆಂದು ಕಟ್ಟಿಹಾಕಿದ್ದವರಿಗೆ, ಮೂರ್ಛೆರೋಗಕ್ಕೆ ಕೈಯಲ್ಲಿ ಕಬ್ಬಿಣ ಹಿಡಿಸುತ್ತಿದ್ದವರಿಗೆ ಮನೆಯ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು ತೋರಿತು. 'ಬಳ್ಳಾರಿ ಮಾದರಿ' ಎಂಬ ಮಾತು ಹುಟ್ಟಿದ್ದು ಹೀಗೆ. 1996ರಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಅಚ್ಚು. ಇಂದು ಅದು ದೇಶದ ಏಳುನೂರಕ್ಕೂ ಹೆಚ್ಚು ಜಿಲ್ಲೆಗಳ ಲೆಕ್ಕದಲ್ಲಿದೆ.

ಇಷ್ಟನ್ನು ಮೆಚ್ಚಿ ಹೇಳಿದ ಮೇಲೆ ಒಂದು ತಕರಾರನ್ನೂ ಹೇಳಬೇಕು. ಬೆಂಗಳೂರಿನಿಂದ ಹಳ್ಳಿಗೆ ಸಲೀಸಾಗಿ ಇಳಿದದ್ದು ಮಾತ್ರೆ. ಮಾತು ದಾರಿಯಲ್ಲಿ ಎಲ್ಲೋ ಹಿಂದೆ ಬಿತ್ತು. ಮಾತ್ರೆಗೆ ತೂಕವಿದೆ, ಲೆಕ್ಕವಿದೆ, ಡಬ್ಬಿಯಿದೆ. ಮಾತನ್ನು ಯಾವ ಡಬ್ಬಿಯಲ್ಲಿ ತುಂಬಿ ಕಳಿಸುವುದು? ಇದು ನನ್ನೊಬ್ಬನ ಗೊಣಗಾಟವಲ್ಲ. ಉತ್ತರ ಭಾರತದಲ್ಲಿ ಈ ಕಾರ್ಯಕ್ರಮವನ್ನು ಹತ್ತಿರದಿಂದ ನೋಡಿದ ಸುಮಿತ್ ಜೈನ್ ಮತ್ತು ಸುಶ್ರುತ್ ಜಾಧವ್ 2009ರಲ್ಲಿ, ನೀತಿಯನ್ನೇ ಗುಳಿಗೆ ನುಂಗಿಬಿಟ್ಟಿದೆ ಎಂಬರ್ಥದ ಶೀರ್ಷಿಕೆಯಲ್ಲೇ ಲೇಖನ ಬರೆದರು. ಸಮುದಾಯದ ಸಹಭಾಗಿತ್ವವೆಂದು ಹೊರಟದ್ದು ಔಷಧಿ ವಿತರಣೆಯಲ್ಲಿ ನಿಂತಿತು ಎಂಬುದು ಅವರ ಆಕ್ಷೇಪ.

ಹಾಗಾದರೆ ಆ ಮಾತು ಯಾವುದು? ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆಯ ಕೋಣೆಯ ಮೇಲೆ ಒಂದು ಫಲಕ ಇರುತ್ತದೆ, 'ಆಪ್ತ ಸಮಾಲೋಚನಾ ಕೇಂದ್ರ' ಎಂದು. ಕೌನ್ಸೆಲಿಂಗ್ ಎಂಬುದಕ್ಕೆ ಕನ್ನಡ ಮಾಡಿದವರು ಸಮಾಲೋಚನೆ ಎಂದಷ್ಟೇ ಬರೆದು ಸುಮ್ಮನಾಗಬಹುದಿತ್ತು. ಅವರು ಮುಂದೊಂದು 'ಆಪ್ತ'ವನ್ನು ಸೇರಿಸಿದರು. ಇಂಗ್ಲಿಷಿನಲ್ಲಿ ಆ ಆಪ್ತ ಇಲ್ಲ. ಸಮಾಲೋಚನೆಯೆಂದರೆ ಕೂಡಿ ಯೋಚಿಸುವುದು, ಆಪ್ತವೆಂದರೆ ಹತ್ತಿರದವರು. ಯಾರೋ ಹೆಸರಿಲ್ಲದ ಅನುವಾದಕ ಎರಡು ಪದಗಳಲ್ಲಿ ಒಂದು ಇಡೀ ಶತಮಾನದ ಜಗಳವನ್ನು ಹಿಡಿದಿಟ್ಟಿದ್ದಾನೆ. ವಾಸಿ ಮಾಡುವುದು ಯೋಚನೆಯನ್ನು ತಿದ್ದುವ ತಂತ್ರವೋ, ಸಂಬಂಧವೋ?

ಮೊದಲನೆಯವರಾದ ಫ್ರಾಯ್ಡ್ ಜೊತೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೆಣಸಿನಕಾಯಿ ಬಿಡಿಸುವ ಕೂಲಿ ಬಿಟ್ಟು ವಾರಕ್ಕೆ ನಾಲ್ಕೈದು ತಾಸು ಮಂಚದ ಮೇಲೆ ಮಲಗಿ ಬಾಲ್ಯ ನೆನೆಯಲು ಮೋಕದ ಸೊಸೆಗೆ ಪುರುಸೊತ್ತಿಲ್ಲ. ಆದರೆ ಒಂದು ಸಂಗತಿ ಮರೆಯುವಂತಿಲ್ಲ. 1895ರಲ್ಲಿ ಬ್ರಾಯರ್ ಜೊತೆ ಫ್ರಾಯ್ಡ್ ಬರೆದ ಪುಸ್ತಕದ ರೋಗಿಗಳು ಮನಸ್ಸಿನ ದೂರು ಹೊತ್ತು ಬಂದವರಲ್ಲ. ಕೈ ಮರಗಟ್ಟಿತು, ಕೆಮ್ಮು ನಿಲ್ಲದು, ಮಾತು ನಿಂತಿತು ಎಂದು ಬಂದವರು. ಬಾಯಿ ಹೇಳಲಾರದ್ದನ್ನು ಮೈ ಹೇಳುತ್ತಿತ್ತು, ನಮ್ಮ ಸೊಸೆಯ ಎದೆಯ ಹಾಗೆ. 'ಮಾತಿನ ಚಿಕಿತ್ಸೆ' ಎಂಬ ಹೆಸರು ಕೊಟ್ಟವರೂ ವೈದ್ಯರಲ್ಲ, ಬ್ರಾಯರ್ ಅವರ ರೋಗಿಯಾಗಿದ್ದ ಹೆಣ್ಣುಮಗಳು. ಹಳ್ಳಿಯವರು ಮನಸ್ಸಿನ ನೋವನ್ನು ದೇಹದ ನೋವಾಗಿ ಹೇಳುತ್ತಾರೆ, ಅವರಿಗೆ ಒಳನೋಟ ಕಡಿಮೆ ಎಂದು ಮೂಗು ಮುರಿಯುವವರು ಮನೋಚಿಕಿತ್ಸೆ ಹುಟ್ಟಿದ್ದೇ ವಿಯೆನ್ನಾದ ಸಿರಿವಂತರ ಮೈನೋವಿನಿಂದ ಎಂಬುದನ್ನು ನೆನೆಯಬೇಕು.

ಅತ್ತೆಯ ದೂರಿನಲ್ಲಿ ಇನ್ನೊಂದು ಮಾತಿತ್ತು: ಭಾಳ ಇಚಾರ. ಇದು ಆರನ್ ಬೆಕ್ ಅವರ ಬಾಗಿಲು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಫ್ರಾಯ್ಡ್ ಪಂಥದಲ್ಲೇ ತಯಾರಾದ ಬೆಕ್ 1960ರ ದಶಕದಲ್ಲಿ ಖಿನ್ನರಾದವರ ಮಾತಿನಲ್ಲಿ ಒಂದು ಜಾಡು ಗುರುತಿಸಿದರು. ಅವರ ತಲೆಯಲ್ಲಿ ಕರೆಯದೆ ಬರುವ, ಕ್ಷಣದಲ್ಲಿ ಹಾದುಹೋಗುವ, ಬಂದದ್ದೇ ಗೊತ್ತಾಗದ ಯೋಚನೆಗಳು ಇರುತ್ತವೆ. ಗಂಡ ಫೋನ್ ಎತ್ತಲಿಲ್ಲ, 'ನಾನಂದ್ರ ಯಾರಿಗೂ ಬ್ಯಾಡ'. ಸಾರಿಗೆ ಉಪ್ಪು ಜಾಸ್ತಿಯಾಯಿತು, 'ನನ್ನ ಕೈಯಾಗ ಏನೂ ಆಗಂಗಿಲ್ಲ'. ಅರಿವಿನ ಚಿಕಿತ್ಸೆ ಆ ಯೋಚನೆಯನ್ನು ಹಿಡಿದು ನಿಲ್ಲಿಸಿ ಸಾಕ್ಷಿ ಕೇಳುತ್ತದೆ. ಗಂಡ ಯಾವತ್ತೂ ಎತ್ತುವುದಿಲ್ಲವೋ, ಇವತ್ತು ಎತ್ತಲಿಲ್ಲವೋ? ಒಳ್ಳೆಯ ತಂತ್ರ, ಹೆಚ್ಚು ಪರೀಕ್ಷೆಗೆ ಒಳಗಾದ ತಂತ್ರವೂ ಹೌದು. ನಮ್ಮಲ್ಲಿ ಎಲ್ಲರೂ ಕೊಡುವ "ಇಚಾರ ಮಾಡಬ್ಯಾಡ" ಎಂಬ ಸಲಹೆಗೆ ಇದು ತದ್ವಿರುದ್ಧ. ಮಾಡಬೇಡ ಎಂದರೆ ಇಚಾರ ನಿಲ್ಲುವುದಿಲ್ಲ, ಎದುರು ಕೂರಿಸಿ ಮಾತಾಡಿಸಿದರೆ ಸ್ವಲ್ಪ ಮೆತ್ತಗಾಗುತ್ತದೆ. ಆದರೆ ಸಾಕ್ಷಿ ಕೇಳಿದಾಗ ಇಚಾರವೇ ನಿಜವಾದರೆ? ಮೆಣಸಿನಕಾಯಿ ದರ ಕುಸಿದು ಸಾಲ ತೀರದೆ ಉಳಿದಿದ್ದರೆ, ಗಂಡ ನಿಜಕ್ಕೂ ಕುಡಿದು ಹೊಡೆಯುತ್ತಿದ್ದರೆ? ತಪ್ಪು ಯೋಚನೆಯನ್ನು ತಿದ್ದಬಹುದು, ಸರಿಯಾದ ಯೋಚನೆಯನ್ನು ತಿದ್ದಹೊರಡುವುದು ಅನ್ಯಾಯ.

ಮೂರನೆಯವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್. ನನಗೆ ತುಂಬ ಇಷ್ಟವಾದವರು, ತುಂಬ ಕಾಡಿದವರೂ ಅವರೇ. 1957ರ ಒಂದು ಪ್ರಬಂಧದಲ್ಲಿ ಅವರು ಹೆಚ್ಚುಕಡಿಮೆ ಹೀಗೆ ವಾದಿಸಿದರು: ಚಿಕಿತ್ಸಕ ಕಪಟವಿಲ್ಲದೆ ತಾನು ತಾನಾಗಿರಬೇಕು, ಎದುರಿಗಿರುವವರನ್ನು ಷರತ್ತಿಲ್ಲದೆ ಗೌರವಿಸಬೇಕು, ಅವರ ಲೋಕವನ್ನು ಅವರ ಕಣ್ಣಿಂದ ಕಂಡು, ಹಾಗೆ ಕಂಡದ್ದು ಅವರಿಗೆ ತಿಳಿಯುವಂತೆ ಮಾಡಬೇಕು. ಇಷ್ಟಾದರೆ ಸಾಕು, ಬದಲಾವಣೆ ತಾನೇ ಬರುತ್ತದೆ. ಸಲಹೆ ಕೊಡುವ ಹಕ್ಕು ಚಿಕಿತ್ಸಕನಿಗಿಲ್ಲ, ಉತ್ತರ ಬಂದವರೊಳಗೇ ಇದೆ. ಇದು ಬರೀ ತಂತ್ರವಲ್ಲ, ಒಂದು ಮೌಲ್ಯ. ಮನುಷ್ಯರ ಮೇಲಿನ ನಂಬಿಕೆ.

ಈಗ ಇದನ್ನು ಮೋಕಕ್ಕೆ ತನ್ನಿ. ಸೊಸೆ ಕೊನೆಗೂ ಬಾಯಿ ಬಿಟ್ಟು, "ತವರಿಗೆ ಹೋಗ್ಲೋ ಬ್ಯಾಡೋ, ನೀವಾ ಹೇಳ್ರೀ ಯಕ್ಕಾ" ಎನ್ನುತ್ತಾಳೆ. ರೋಜರ್ಸ್ ಶಿಷ್ಯೆ ಹೇಳಬೇಕಾದದ್ದು, "ಏನು ಮಾಡಬೇಕೆಂದು ನಿಮಗೆ ಗೊಂದಲವಾಗಿದೆ, ಅಲ್ಲವೇ?" ಸೊಸೆಗೆ ಅನ್ನಿಸುವುದು, ಇಷ್ಟು ಓದಿದಾಕಿಗೂ ಗೊತ್ತಿಲ್ಲ. ಅಥವಾ ಇನ್ನೂ ಕೆಟ್ಟದ್ದು: ಗೊತ್ತಿದೆ, ನನಗೆ ಹೇಳುತ್ತಿಲ್ಲ. ಇದು ನಮ್ಮವರ ದೌರ್ಬಲ್ಯವೆಂದು ಮಾತ್ರ ತಿಳಿಯಬೇಡಿ. 1965ರಲ್ಲಿ ಹೊರಬಂದ ಪ್ರಸಿದ್ಧ ತರಬೇತಿ ಚಿತ್ರವೊಂದರಲ್ಲಿ ಗ್ಲೋರಿಯಾ ಎಂಬ ಅಮೆರಿಕನ್ ಹೆಣ್ಣುಮಗಳು ರೋಜರ್ಸ್ ಎದುರು ಕೂತು, ಮಗಳಿಗೆ ನಿಜ ಹೇಳಬೇಕೋ ಬೇಡವೋ ಎಂಬುದಕ್ಕೆ ನೇರ ಉತ್ತರ ಕೊಡಿ ಎಂದು ಮತ್ತೆ ಮತ್ತೆ ಒತ್ತಾಯಿಸುತ್ತಾಳೆ. ರೋಜರ್ಸ್ ಕೊಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ಜನ ಕೇಳುವುದು "ನೀವೇ ಹೇಳಿ" ಎಂದೇ.

ಈ ಇಕ್ಕಟ್ಟನ್ನು ಹಿಂದೆಯೇ ಸ್ಪಷ್ಟವಾಗಿ ಬರೆದಿಟ್ಟವರು ಬೆಂಗಳೂರಿನಲ್ಲೇ ಇದ್ದರು. ಇಂದಿನ ನಿಮ್ಹಾನ್ಸ್‌ಗೂ ಮೊದಲು ಅಲ್ಲಿ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇತ್ತು. ಅಲ್ಲಿಂದ 1964ರಲ್ಲಿ ಎನ್. ಸಿ. ಸೂರ್ಯ ಮತ್ತು ಎಸ್. ಎಸ್. ಜಯರಾಮ್ ಬರೆದ ಪ್ರಬಂಧದ ತಿರುಳು ಇದು: ನಮ್ಮ ರೋಗಿ ಒಳಮನಸ್ಸಿನ ವಿವರಣೆಗಿಂತ ಎದುರಿಗಿರುವ ಸಂಕಟಕ್ಕೆ ನೇರ ಆಸರೆ ಬಯಸುತ್ತಾನೆ. ಚಿಕಿತ್ಸಕನನ್ನು ಅಪರಿಚಿತ ತಜ್ಞನಾಗಿ ಉಳಿಯಲು ಬಿಡದೆ, ಒಂದು ಸಂಬಂಧದೊಳಗೆ ಎಳೆದುಕೊಳ್ಳುತ್ತಾನೆ. ಅವನ ಮನಸ್ಸಿನಲ್ಲಿರುವ ಆದರ್ಶ ಆಸರೆ ಅವಿಭಕ್ತ ಕುಟುಂಬದ ಹಿರಿಯ. ಯಕ್ಕಾ, ಯಣ್ಣಾ, ಅಮ್ಮಾ ಎನ್ನುವುದು ಬರಿಯ ಮರ್ಯಾದೆಯ ಮಾತಲ್ಲ, ಒಂದು ಸ್ಥಾನ ಕೊಟ್ಟು ಕೂರಿಸುವ ಕ್ರಮ. ಕೆಲ ವರ್ಷಗಳ ನಂತರ ಮನೋವೈದ್ಯ ಜೆ. ಎಸ್. ನೇಕಿ ಗುರು-ಚೇಲಾ ಸಂಬಂಧವನ್ನೇ ಮನೋಚಿಕಿತ್ಸೆಗೆ ಮಾದರಿಯಾಗಿ ಮುಂದಿಟ್ಟರು. ಇನ್ನೂ ಮೊದಲೇ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಮನೋವೈದ್ಯ ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಯೊಂದಿಗೆ ಮನೆಯವರನ್ನೂ ಇರಿಸಿಕೊಂಡಿದ್ದರು. ಅಲ್ಲಿಯವರೆಗೆ ಮನೆಯವರನ್ನು ಗೇಟಿನ ಹೊರಗೆ ನಿಲ್ಲಿಸುವುದೇ ವಿಜ್ಞಾನವಾಗಿತ್ತು.

ಹೀಗೆ ಹೇಳುತ್ತ ಹೋದರೆ ಖುಷಿಯಾಗುತ್ತದೆ. ನಮ್ಮದೇ ದಾರಿ, ನಮ್ಮ ಕುಟುಂಬ, ನಮ್ಮ ಹಿರಿಯರು! ನನಗೆ ಭಯವಾಗುವುದು ಇಲ್ಲಿಯೇ. ಸೊಸೆಗೆ ಮನೆಯ ಹಿರಿಯರು ಯಾವ ಸಲಹೆ ಕೊಡುತ್ತಾರೆಂದು ನಮಗೆಲ್ಲ ಗೊತ್ತು: ಹೊಂದಿಕೊಂಡು ಹೋಗು. ಚಿಕಿತ್ಸಕಿಯೂ ಹಿರಿಯಳ ಸ್ಥಾನದಲ್ಲಿ ಕೂತು ಅದನ್ನೇ ಹೇಳಿದರೆ, ಮನೆಯಲ್ಲಿ ಬಿಟ್ಟಿಯಾಗಿ ಸಿಕ್ಕುತ್ತಿದ್ದ ಮಾತಿಗಾಗಿ ಈಕೆ ಅರ್ಧ ದಿನದ ಕೂಲಿ ಕಳೆದುಕೊಂಡಂತಾಯಿತು. ರೋಜರ್ಸ್ ಸಲಹೆ ಕೊಡದಿದ್ದದ್ದು ಜಂಭದಿಂದಲ್ಲ, ಇದೇ ಭಯದಿಂದ. ಚಿಕಿತ್ಸಕನ ಬಾಯಿಂದ ಬರುವುದು ಎಷ್ಟೋ ಸಲ ಅವನ ಊರಿನ, ಅವನ ವರ್ಗದ, ಅವನ ಗಂಡಸುತನದ ಮಾತು.

ಆಪ್ತ ಎಂಬ ಪದದ ಹಳೆಯ ಅರ್ಥ ಇಲ್ಲಿ ನೆರವಿಗೆ ಬರುತ್ತದೆ. ನಮ್ಮ ಹಳೆಯ ತರ್ಕಪರಂಪರೆಯಾದ ನ್ಯಾಯದರ್ಶನದಲ್ಲಿ ಆಪ್ತನ ಮಾತು ಒಂದು ಪ್ರಮಾಣ. ಯಾರು ಆಪ್ತ? ವಿಷಯವನ್ನು ನೇರವಾಗಿ ಅರಿತವನು, ಅರಿತಂತೆಯೇ ತಿಳಿಸುವ ಇಚ್ಛೆಯುಳ್ಳವನು ಎನ್ನುತ್ತಾನೆ ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ (ಕಾಮಸೂತ್ರದವನಲ್ಲ, ಇನ್ನೊಬ್ಬ). ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಸೇರಿಸುತ್ತಾನೆ. ಅಂದರೆ ಆಪ್ತರಾಗಲು ನೆಂಟರಾಗಬೇಕಿಲ್ಲ, ಹಿರಿಯರಾಗಬೇಕಿಲ್ಲ, ಜಾತಿಯವರೂ ಆಗಬೇಕಿಲ್ಲ. ಸಂಗತಿ ತಿಳಿದಿರಬೇಕು, ಮರೆಮಾಚದೆ ಹೇಳಬೇಕು. ರೋಜರ್ಸ್ ಕೇಳಿದ ಕಪಟವಿಲ್ಲದ ಇರವಿಗೆ ಇದು ತೀರ ದೂರದ ಮಾತಲ್ಲ. ಫಲಕ ಬರೆದವರಿಗೆ ನ್ಯಾಯಸೂತ್ರ ನೆನಪಿತ್ತೆಂದು ನಾನು ವಾದಿಸುವುದಿಲ್ಲ. ಪದಗಳಿಗೆ ನಮಗಿಂತ ನೆನಪು ಹೆಚ್ಚು.

ಜನ ಆಪ್ತರನ್ನು ಹುಡುಕುವುದು ಆಸ್ಪತ್ರೆಯಲ್ಲಷ್ಟೇ ಅಲ್ಲ. ಸಕಲವಾರದ ತಂಡದ ಕಪೂರ್ ನಿಮ್ಹಾನ್ಸ್‌ಗೆ ಬರುವ ಮೊದಲೇ ಮಾರಿಸ್ ಕಾರ್‌ಸ್ಟೇರ್ಸ್ ಜೊತೆ ಕರಾವಳಿಯ ಕೋಟದಲ್ಲಿ ಅಧ್ಯಯನ ನಡೆಸಿದ್ದರು, ಅದರ ಪುಸ್ತಕ 1976ರಲ್ಲಿ ಬಂತು. ಅಲ್ಲಿ ಅವರು ಕಂಡದ್ದು, ಜನ ಡಾಕ್ಟರ ಬಳಿಗೂ ಹೋಗುತ್ತಾರೆ, ನಾಟಿ ಪಂಡಿತರು, ಮಂತ್ರವಾದಿ, ದೈವ ಮೈದುಂಬುವ ಪಾತ್ರಿಗಳ ಬಳಿಗೂ ಹೋಗುತ್ತಾರೆ, ಎರಡರ ನಡುವೆ ಅವರಿಗೆ ಜಗಳವೇ ಇಲ್ಲ. ಬಳ್ಳಾರಿ ಸೀಮೆಯಲ್ಲೂ 'ಗಾಳಿ ಸೋಕೈತಿ' ಎಂದು ತಾಯತ ಕಟ್ಟಿಸಿದ ಕೈಯೇ ಮಾತ್ರೆಗೂ ಚಾಚುತ್ತದೆ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಉಳಿದುಕೊಂಡಿದ್ದ 31 ರೋಗಿಗಳನ್ನು ಗಮನಿಸಿ 2002ರಲ್ಲಿ ವರದಿ ಮಾಡಿದರು. ಕೆಲವು ವಾರಗಳ ವಾಸದಲ್ಲಿ ರೋಗಲಕ್ಷಣದ ಅಂಕ ಸುಮಾರು ಐದನೇ ಒಂದು ಪಾಲು ಇಳಿದಿತ್ತು. ವಿಶೇಷ ಪೂಜೆಯೇನೂ ಇರಲಿಲ್ಲ. ಬೈಯದ, ಹೊಡೆಯದ, ಕೆಲಸ ಕೊಡುವ ಒಂದು ಜಾಗ ಇತ್ತು. ಅದಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರಂದು, ಅದೇ ರಾಜ್ಯದ ಏರ್ವಾಡಿಯ ದರ್ಗಾದ ಬಳಿ ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಬೆಂಕಿಯಲ್ಲಿ ಸಿಕ್ಕಿ 28 ಮಂದಿ ಸತ್ತಿದ್ದರು. ಎರಡನ್ನೂ ಜೊತೆಗಿಟ್ಟೇ ಓದಬೇಕು.

ಅಮೆರಿಕದ ಮನೋವೈದ್ಯ ಜೆರೋಮ್ ಫ್ರಾಂಕ್ 1961ರಲ್ಲಿ ಹೇಳಿದ್ದು ಇಂಥ ಎಲ್ಲ ಕಡೆಗೂ ಹೊಂದುತ್ತದೆ. ನಂಬುಗೆಯ ಒಂದು ಸಂಬಂಧ, ಗುಣವಾಗುವ ಜಾಗವೆಂದು ಹೆಸರಾದ ಒಂದು ಸ್ಥಳ, ಸಂಕಟ ಏಕೆ ಬಂತೆಂಬುದಕ್ಕೆ ಒಂದು ವಿವರಣೆ, ಇಬ್ಬರೂ ಕೂಡಿ ಮಾಡುವ ಒಂದು ಕ್ರಮ. ಈ ನಾಲ್ಕು ಇದ್ದಲ್ಲೆಲ್ಲ ಮನುಷ್ಯ ಸ್ವಲ್ಪ ಚೇತರಿಸಿಕೊಳ್ಳುತ್ತಾನೆ, ವಿವರಣೆ ಫ್ರಾಯ್ಡ್‌ನದಿರಲಿ, ಪಾತ್ರಿಯದಿರಲಿ. ಸಾಲ್ ರೋಸೆನ್‌ಜ್ವೈಗ್ ಎಂಬವರು 1936ರಲ್ಲೇ, ಎಲ್ಲ ಪಂಥಗಳೂ ಹೆಚ್ಚುಕಡಿಮೆ ಒಂದೇ ಫಲ ಕೊಡುತ್ತಿರುವಾಗ ಕೆಲಸ ಮಾಡುತ್ತಿರುವುದು ಅವುಗಳ ಸಿದ್ಧಾಂತವಲ್ಲ, ಅವುಗಳಿಗೆ ಸಮಾನವಾದ ಬೇರೇನೋ ಇರಬೇಕು ಎಂದು ಚುಚ್ಚಿದ್ದರು. ಆ ವಾದ ಇನ್ನೂ ಮುಗಿದಿಲ್ಲ. ಹಠಹಿಡಿದ ಭಯಗಳಿಗೆ, ಗೀಳಿಗೆ ನಿರ್ದಿಷ್ಟ ತಂತ್ರಗಳೇ ಬೇಕೆಂಬುದೂ ಅಷ್ಟೇ ನಿಜ.

ಮಾತನ್ನು ಡಬ್ಬಿಯಲ್ಲಿ ತುಂಬಲಾಗದು ಎಂದೆನಲ್ಲ, ಆ ಗೊಣಗಾಟಕ್ಕೆ ಉತ್ತರ ಬಂದದ್ದು ಜಿಂಬಾಬ್ವೆಯಿಂದ. ಅಲ್ಲಿನ ಶೋನಾ ಭಾಷೆಯಲ್ಲಿ 'ಕುಫುಂಗಿಸಿಸಾ' ಎಂಬ ಪದವಿದೆ, ಅತಿಯಾಗಿ ಯೋಚಿಸುವುದು ಎಂದು ಅರ್ಥ. ಭಾಳ ಇಚಾರ! ಹರಾರೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯ 2006ರಲ್ಲಿ ಹದಿನಾಲ್ಕು ಅಜ್ಜಿಯರಿಗೆ ಸಮಸ್ಯೆ ಬಿಡಿಸುವ ಚಿಕಿತ್ಸೆ ಕಲಿಸಿ ಕ್ಲಿನಿಕ್ಕಿನ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಬೆಂಚಿಗೆ ಮಾನಸಿಕ ಆರೋಗ್ಯದ ಹೆಸರಿಟ್ಟರೆ ಯಾರೂ ಕೂರುವುದಿಲ್ಲ ಎಂದು ಅಜ್ಜಿಯರೇ ಹೇಳಿ ಅದನ್ನು ಗೆಳೆತನದ ಬೆಂಚು ಮಾಡಿಸಿದರು. 2016ರಲ್ಲಿ ಪ್ರಕಟವಾದ 573 ಜನರ ಪರೀಕ್ಷೆಯಲ್ಲಿ ಬೆಂಚಿನ ಮೇಲೆ ಕೂತವರ ಖಿನ್ನತೆ, ಮಾಮೂಲಿ ಚಿಕಿತ್ಸೆ ಪಡೆದವರದಕ್ಕಿಂತ ಸ್ಪಷ್ಟವಾಗಿ ಇಳಿದಿತ್ತು. ನಮ್ಮ ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಅವರ ತಂಡ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನಶ್ಶಾಸ್ತ್ರ ಓದದ ಸಾಮಾನ್ಯರಿಗೇ ತರಬೇತಿ ಕೊಟ್ಟಿತು. ಆರರಿಂದ ಎಂಟು ಭೇಟಿ, ನಿಂತುಹೋದ ಚಟುವಟಿಕೆಗಳನ್ನು ಒಂದೊಂದಾಗಿ ಮರಳಿ ಹಿಡಿಸುವ ಸರಳ ವಿಧಾನ. 2017ರ ವರದಿಯಂತೆ ಮೂರು ತಿಂಗಳ ಕೊನೆಗೆ ಆ ಗುಂಪಿನ ಶೇ 64 ಮಂದಿ ತೀವ್ರ ಖಿನ್ನತೆಯಿಂದ ಹೊರಬಂದಿದ್ದರು, ಮಾಮೂಲಿ ಚಿಕಿತ್ಸೆಯಲ್ಲಿ ಶೇ 39. ಬಳ್ಳಾರಿಯಲ್ಲಿ 1985–90ರಲ್ಲಿ ಮಾತ್ರೆಯ ವಿಷಯದಲ್ಲಿ ಸಾಬೀತಾದದ್ದು ಈಗ ಮಾತಿನ ವಿಷಯದಲ್ಲೂ ಸಾಬೀತಾಗಿದೆ.

ನಮ್ಮಲ್ಲಿ ಏರ್ಪಾಟು ಇಲ್ಲವೆಂದಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯಾಯಿತು. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್‌ನಿಂದ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ಕನ್ನಡದಲ್ಲೇ ಮಾತಾಡುತ್ತದೆ. ಆದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕಂಡಂತೆ, ಕಾಯಿಲೆಯ ಬಗೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ತಲುಪಿರಲಿಲ್ಲ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017 ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಪರದೆಯಿಲ್ಲದ ಬಾಗಿಲಿನ ಎದುರು ಆ ಹಕ್ಕು ಎಲ್ಲಿ ನಿಲ್ಲಬೇಕು?

ಸೊಸೆ ಇನ್ನೂ ಅಲ್ಲೇ ನಿಂತಿದ್ದಾಳೆ. ಅತ್ತೆಯನ್ನು ಹೊರಗೆ ಕಳಿಸಿದರೆ ಮನೆಗೆ ಹೋದ ಮೇಲೆ ಸೊಸೆಗೇ ಅದರ ಬಿಸಿ ತಟ್ಟುತ್ತದೆ. ಕಳಿಸದಿದ್ದರೆ ಆಕೆ ಬಾಯಿ ಬಿಡುವುದಿಲ್ಲ. ನನ್ನ ಕಲ್ಪನೆಯ ಕೇಂದ್ರದಲ್ಲಿ ಒಬ್ಬ ಅನುಭವಸ್ಥ ಸಿಸ್ಟರಮ್ಮ ಇದ್ದಾಳೆ. ಯಾವ ಪಂಥವನ್ನೂ ಓದಿದವಳಲ್ಲ. "ಅವ್ವಾ, ನಿಮ್ದೂ ಬಿ.ಪಿ. ನೋಡಿ ಭಾಳ ದಿನ ಆತು, ಬರ್ರಿ ಈ ಕಡಿ" ಎಂದು ಅತ್ತೆಯನ್ನು ಪಕ್ಕದ ಕೋಣೆಗೆ ಕರೆದೊಯ್ಯುತ್ತಾಳೆ. ಇತ್ತ ಸೊಸೆಯ ಎದುರು ಆಶಾ ಕಾರ್ಯಕರ್ತೆ ಒಂದು ಸ್ಟೂಲು ಎಳೆದು ಕೂರುತ್ತಾಳೆ, ಏನೂ ಕೇಳದೆ. ಅತ್ತ ತೋಳಿಗೆ ಪಟ್ಟಿ ಬಿಗಿಯುತ್ತಿರುವಾಗ ಮುದುಕಿ ದನಿ ತಗ್ಗಿಸಿ ಹೇಳುತ್ತಾಳೆ: "ನನಗೂ ನಿದ್ದಿ ಬರಂಗಿಲ್ಲ ಸಿಸ್ಟರಮ್ಮಾ. ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ ಮತ್ತ."